43 ಮತ್ತು 61: ಸ್ಥಿರ ಐಸೊಟೋಪಿಲ್ಲದ ಧಾತುಗಳ ಹಿನ್ನೆಲೆ

ಮಡಿಕೇರಿ, ವಿರಾಜಪೇಟೆಗಳಿಂದ ಮೂಳೆಯ ಸ್ಕ್ಯಾನಿಗೆಂದು ಮೈಸೂರಿಗೋ ಮಂಗಳೂರಿಗೋ ಹೋಗಿ ಬಂದವರ ವರದಿಗಳಲ್ಲಿ ಟೆಕ್ನೀಷಿಯಮ್-99ಎಂ ಎಂಬ ಹೆಸರು ಕಾಣಸಿಗುತ್ತದೆ. ಪ್ರತಿ ಆರು ಗಂಟೆಗೊಮ್ಮೆ ಅರ್ಧಕ್ಕಿಳಿಯುವ ವಸ್ತು ಇದು. ಈ ಧಾತುವಿಗೆ ಸ್ಥಿರವಾದ ಐಸೊಟೋಪು (ಪ್ರೋಟಾನುಗಳ ಸಂಖ್ಯೆ ಒಂದೇ ಇದ್ದು ನ್ಯೂಟ್ರಾನುಗಳ ಸಂಖ್ಯೆ ಬೇರೆಯಿರುವ ರೂಪ) ಒಂದೂ ಇಲ್ಲ. ಪರಮಾಣುವಿನ ಬೀಜ ದೊಡ್ಡದಾದಷ್ಟೂ ಪ್ರೋಟಾನುಗಳ ಪರಸ್ಪರ ವಿಕರ್ಷಣೆ ಹೆಚ್ಚಿ ಅದು ಒಡೆಯುತ್ತದೆ ಎಂದು ಪಿಯುಸಿ ತರಗತಿಗಳಲ್ಲಿ ಹೇಳಿ ಮುಗಿಸುವುದು ರೂಢಿ. ಯುರೇನಿಯಮ್ಮಿಗೆ ಆ ವಿವರಣೆ ಸಾಕು. ಆದರೆ, ಪ್ರೋಟಾನುಗಳ ಎಣಿಕೆಯಂತೆ ಸಾಲಾಗಿ ನಿಲ್ಲುವ ಧಾತುಗಳಲ್ಲಿ, ಸ್ಥಿರವಾದವುಗಳ ನಡುವೆಯೇ ಇರುವ 43ನೆಯ ಟೆಕ್ನೀಷಿಯಮ್ಮಿಗಾಗಲಿ 61ನೆಯ ಪ್ರೊಮೀಥಿಯಮ್ಮಿಗಾಗಲಿ ಅದು ಅನ್ವಯಿಸುವುದಿಲ್ಲ.

ಮೆಂಡಲೀವ್ 1871ರ ಕೋಷ್ಟಕದಲ್ಲಿ ಮ್ಯಾಂಗನೀಸಿನ ಕೆಳಗೆ ಬಿಟ್ಟ 43ರ ಮನೆ ಆರು ದಶಕ ಖಾಲಿಯೇ ಉಳಿಯಿತು. ಸಿಕ್ಕಿತೆಂಬ ಘೋಷಣೆಗಳು ಬಂದವು, ನಿಲ್ಲಲಿಲ್ಲ. ಹುಡುಕಾಟ ವ್ಯರ್ಥವೆಂಬ ಸುಳಿವು 1934ರಲ್ಲಿ ಭೌತವಿಜ್ಞಾನಿ ಯೋಸೆಫ್ ಮಟ್ಟಾಉಖ್ ಮಂಡಿಸಿದ ನಿಯಮದಲ್ಲಿತ್ತು: ರಾಶಿ ಸಂಖ್ಯೆ (ಪ್ರೋಟಾನು, ನ್ಯೂಟ್ರಾನುಗಳ ಒಟ್ಟು ಎಣಿಕೆ) ಒಂದೇ ಆಗಿರುವ ಎರಡು ನೆರೆಯ ಧಾತುಗಳ ಬೀಜಗಳೆರಡೂ ಸ್ಥಿರವಾಗಿರಲಾರವು. ಬೀಟಾ ಕ್ಷಯದಲ್ಲಿ ನ್ಯೂಟ್ರಾನು ಪ್ರೋಟಾನಾಗಬಹುದು, ಪ್ರೋಟಾನು ನ್ಯೂಟ್ರಾನಾಗಲೂಬಹುದು. ಒಟ್ಟು ರಾಶಿ ಸಂಖ್ಯೆ ಬದಲಾಗದೆ, ಹೆಚ್ಚು ಶಕ್ತಿಯ ಬೀಜ ಕಡಿಮೆ ಶಕ್ತಿಯ ನೆರೆಬೀಜವಾಗಿ ಮಾರ್ಪಡುತ್ತದೆ. ಟೆಕ್ನೀಷಿಯಮ್ಮಿನ ಎಡಕ್ಕೆ ಮಾಲಿಬ್ಡಿನಮ್, ಬಲಕ್ಕೆ ರುಥೇನಿಯಮ್. ರಾಶಿ ಸಂಖ್ಯೆಗಳಲ್ಲಿ 95 ಮತ್ತು 97 ಮಾಲಿಬ್ಡಿನಮ್ಮಿನ ಪಾಲು. 99 ಮತ್ತು 101 ರುಥೇನಿಯಮ್ಮಿನ ಪಾಲು. ಉಳಿದ ಸಮಸಂಖ್ಯೆಗಳಲ್ಲಿ ಪ್ರೋಟಾನು, ನ್ಯೂಟ್ರಾನು ಎರಡೂ ಬೆಸವಾಗಿ ಜೋಡಿಯಿಲ್ಲದೆ ಉಳಿಯುವುದರಿಂದ ಅಲ್ಲಿ ಆಸೆಯೇ ಇಲ್ಲ. ಅಕ್ಕಪಕ್ಕದ ತೋಟದವರ ಹೆಸರಿಗೇ ಎಲ್ಲ ಸರ್ವೆ ನಂಬರೂ ದಾಖಲಾದ ಮೇಲೆ ನಡುವಿನವನಿಗೆ ಏನೂ ಉಳಿಯದ ಸ್ಥಿತಿ ಅದರದು. ನಿಯೋಡಿಮಿಯಮ್ ಮತ್ತು ಸಮೇರಿಯಮ್‌ಗಳ ನಡುವೆ ಪ್ರೊಮೀಥಿಯಮ್ಮಿಗೂ ಇದೇ ಗತಿ. ಅಸ್ಥಿರತೆ ಆ ಧಾತುವೊಂದರದೇ ದೋಷವಲ್ಲ ಎಂಬ ಈ ಸೊಗಸಾದ ಮಾತನ್ನು ಪಾಠದಲ್ಲಿ ಬಿಟ್ಟುಬಿಡುವುದು ನಷ್ಟವೇ ಸರಿ.

ಕೊನೆಗೆ 1937ರಲ್ಲಿ, ಅಮೆರಿಕದ ಬರ್ಕ್ಲಿಯ ಸೈಕ್ಲೋಟ್ರಾನಿನಲ್ಲಿ (ಕಣಗಳಿಗೆ ವೇಗ ಕೊಡುವ ಯಂತ್ರ) ಕಣಗಳ ಹೊಡೆತ ತಿಂದಿದ್ದ ಮಾಲಿಬ್ಡಿನಮ್ ತಗಡನ್ನು ತರಿಸಿಕೊಂಡ ವಿಜ್ಞಾನಿಗಳಾದ ಸೆಗ್ರೆ ಮತ್ತು ಪೆರಿಯೆ ಇಟಲಿಯ ಪಲೆರ್ಮೊದಲ್ಲಿ ಅದರಿಂದ 43ನೆಯ ಧಾತುವನ್ನು ಬೇರ್ಪಡಿಸಿದರು. ಅದರ ಐಸೊಟೋಪುಗಳ ಅತಿ ದೀರ್ಘ ಅರ್ಧಾಯುವೇ (ಅರ್ಧಕ್ಕಿಳಿಯಲು ಹಿಡಿಯುವ ಕಾಲ) ಸುಮಾರು 42 ಲಕ್ಷ ವರ್ಷ; 454 ಕೋಟಿ ವರ್ಷದ ಭೂಮಿಯಲ್ಲಿ ಆರಂಭದ ಸಂಗ್ರಹ ಉಳಿಯುವುದಾದರೂ ಹೇಗೆ? ಪ್ರೊಮೀಥಿಯಮ್ 1945ರಲ್ಲಿ ಯುರೇನಿಯಮ್ ವಿದಳನದ ಉಳಿಕೆಗಳಲ್ಲಿ ಸಿಕ್ಕಿತು.

ಭಾರದ ಧಾತುಗಳ ಕಥೆ ಬೇರೆ. ಕೊಡಗಿನ ಚಾರ್ನೊಕೈಟ್ ಬಂಡೆಗಳಲ್ಲಿ 300 ಕೋಟಿ ವರ್ಷಗಳಿಗೂ ಹಳೆಯ ಜಿರ್ಕಾನ್ ಹರಳುಗಳಿವೆ. ಅವುಗಳ ವಯಸ್ಸನ್ನು ಲೆಕ್ಕ ಹಾಕಲು ಸಾಧ್ಯವಾದದ್ದು ಅವುಗಳೊಳಗಿನ ಯುರೇನಿಯಮ್ ಗೊತ್ತಾದ ವೇಗದಲ್ಲಿ ಸೀಸವಾಗುವುದರಿಂದ. ಯುರೇನಿಯಮ್-235ರ ಅರ್ಧಾಯು ಸುಮಾರು 70 ಕೋಟಿ ವರ್ಷವಾದ್ದರಿಂದ, ಆ ಹರಳುಗಳಲ್ಲಿ ಅದರ ಮೂಲ ಪ್ರಮಾಣದ ಇಪ್ಪತ್ತರಲ್ಲೊಂದು ಪಾಲಿನಷ್ಟು ಮಾತ್ರ ಉಳಿದಿರುತ್ತದೆ.

ಸ್ಥಿರತೆಯ ಗಡಿ 83ನೆಯ ಬಿಸ್ಮತ್ ಎಂದು ಬಹುಕಾಲ ನಂಬಲಾಗಿತ್ತು. ಅದೂ ಆಲ್ಫಾ ಕಣ ಹೊರಸೂಸುತ್ತದೆಂದು 2003ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ತೋರಿಸಿದರು. ಅದರ ಅರ್ಧಾಯು ವಿಶ್ವದ ವಯಸ್ಸಿನ ನೂರು ಕೋಟಿ ಪಟ್ಟಿಗಿಂತ ಹೆಚ್ಚು. ಹೀಗಾಗಿ ಈಗ ಸ್ಥಿರ ಧಾತುಗಳ ಪಟ್ಟಿ 82ನೆಯ ಸೀಸಕ್ಕೆ ನಿಲ್ಲುತ್ತದೆ. 43 ಮತ್ತು 61ನ್ನು ಕಳೆದರೆ ಸ್ಥಿರ ಐಸೊಟೋಪಿರುವ ಧಾತುಗಳು 80.