6174: ದೇವಲಾಲಿಯ ಮೇಷ್ಟ್ರಿಗೆ ಸಿಕ್ಕ ಸಂಖ್ಯೆ

ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಬಸ್ ಕಾಯುವಾಗ ಹೊತ್ತು ಹೋಗಲಿಲ್ಲ ಅಂದರೆ ಎದುರಿಗಿರುವ ಕೆಎ-07 ಬಸ್ಸಿನ ನಂಬರ್ ನೋಡಿ. ಕೊನೆಯ ನಾಲ್ಕು ಅಂಕಿ ಸಾಕು. ನಾಲ್ಕೂ ಒಂದೇ ಆಗಿರಬಾರದು, ಅಷ್ಟೇ ಷರತ್ತು.

1586 ಅಂತಿಟ್ಟುಕೊಳ್ಳೋಣ. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸಿದರೆ 8651, ಏರಿಕೆ ಕ್ರಮದಲ್ಲಿ 1568. ಕಳೆದರೆ 7083. ಮತ್ತೆ ಅದೇ ಕೆಲಸ: 8730ರಲ್ಲಿ 0378 ಹೋದರೆ 8352. ಇನ್ನೊಂದು ಸಲ: 8532ರಲ್ಲಿ 2358 ಹೋದರೆ 6174. ಇಲ್ಲಿಂದ ಮುಂದೆ ಲೆಕ್ಕ ಕದಲುವುದೇ ಇಲ್ಲ. 7641ರಲ್ಲಿ 1467 ಕಳೆದರೆ ಮತ್ತೆ 6174. ಯಾವ ಬಸ್ಸಿನ ನಂಬರ್ ಹಿಡಿದರೂ ಹೆಚ್ಚೆಂದರೆ ಏಳು ಸಲ ಕಳೆಯುವಷ್ಟರಲ್ಲಿ ಇಲ್ಲಿಗೇ ಬಂದು ನಿಲ್ಲುತ್ತದೆ. ಮಧ್ಯೆ ಮೂರಂಕಿ ಬಂದರೆ ಮುಂದೊಂದು ಸೊನ್ನೆ ಹಾಕಿಕೊಳ್ಳಬೇಕು.

ಇದನ್ನು ಕಂಡುಹಿಡಿದವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. 1905ರಲ್ಲಿ ಮಹಾರಾಷ್ಟ್ರದ ಡಹಾಣೂವಿನಲ್ಲಿ ಹುಟ್ಟಿದವರು. 1930ರಿಂದ 1962ರವರೆಗೆ ನಾಸಿಕ್ ಹತ್ತಿರದ ದೇವಲಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದರು. ಬಿಎಸ್ಸಿಯಿಂದ ಮುಂದೆ ಓದಿರಲಿಲ್ಲ. 1949ರಲ್ಲಿ ಮದ್ರಾಸಿನ ಗಣಿತ ಸಮ್ಮೇಳನದಲ್ಲಿ 6174ರ ವಿಷಯ ಹೇಳಿದರು. ದೊಡ್ಡವರು ಅಷ್ಟಾಗಿ ಕಿವಿಗೊಡಲಿಲ್ಲ.

ಅದಕ್ಕೆ ಕಾರಣವೂ ಇತ್ತು ಅನ್ನಿ. ರಾಮಾನುಜನ್‌ರನ್ನು ಗುರುತಿಸಿದ ಹಾರ್ಡಿಯೇ 1940ರ ತಮ್ಮ ಪುಸ್ತಕದಲ್ಲಿ ಇಂಥ ಅಂಕಿಯಾಟವನ್ನು ತಳ್ಳಿಹಾಕಿದ್ದರು. 8712 ಅಂದರೆ 2178ರ ನಾಲ್ಕರಷ್ಟು, 9801 ಅಂದರೆ 1089ರ ಒಂಬತ್ತರಷ್ಟು. ತಿರುಗಿಸಿ ಬರೆದ ಸಂಖ್ಯೆಯಿಂದಲೇ ಹೀಗೆ ಭಾಗವಾಗುವ ನಾಲ್ಕಂಕಿಯವು ಇವೆರಡೇ. ಪತ್ರಿಕೆಯ ಒಗಟಿಗೆ ಸರಿ, ಗಣಿತಕ್ಕೆ ಬೇಡ ಅನ್ನುವುದು ಅವರ ವಾದ. ನಾವು ಹತ್ತರ ಪದ್ಧತಿಯಲ್ಲಿ ಎಣಿಸುತ್ತೇವೆ ಅಂತ ತಾನೇ ಇವೆಲ್ಲ ಹೀಗೆ ಕಾಣುವುದು? ಮಾತು ನಿಜವೇ. ಆದರೂ 6174ರ ಒಳಗೆ ಒಗಟಿಗಿಂತ ಜಾಸ್ತಿ ಇದೆ ಅಂತ ನನಗನ್ನಿಸುತ್ತದೆ.

ಗುಟ್ಟು ಮೊದಲ ಸಲ ಕಳೆಯುವುದರಲ್ಲೇ ಇದೆ. ಇಳಿಕೆ ಕ್ರಮದಲ್ಲಿ ಜೋಡಿಸಿದ ಮೇಲೆ ಎರಡೇ ವ್ಯತ್ಯಾಸ ನೋಡಿ: ಮೊದಲ ಅಂಕಿಗೂ ಕೊನೆಯದಕ್ಕೂ ಇರುವುದು, ನಡುವಿನ ಎರಡಕ್ಕೆ ಇರುವುದು. ಮೊದಲನೆಯದನ್ನು 999ರಿಂದ, ಎರಡನೆಯದನ್ನು 90ರಿಂದ ಗುಣಿಸಿ ಕೂಡಿದರೆ ಉತ್ತರ ಬಂತು. 8651ರಲ್ಲಿ ಅವು 7 ಮತ್ತು 1. 6993ಕ್ಕೆ 90 ಸೇರಿದರೆ 7083, ಸರಿ ಹೋಯಿತಲ್ವಾ? ಮೊದಲ ವ್ಯತ್ಯಾಸ 1ರಿಂದ 9ರೊಳಗೆ ಇರಬೇಕು, ಎರಡನೆಯದು ಅದನ್ನು ಮೀರುವಂತಿಲ್ಲ. ಹಾಗಾಗಿ ಸಾಧ್ಯವಿರುವ ಜೋಡಿಗಳು ಬರೀ 54. ಹತ್ತಿರ ಹತ್ತಿರ ಹತ್ತು ಸಾವಿರ ಸಂಖ್ಯೆಗಳು ಒಂದೇ ಏಟಿಗೆ 54ಕ್ಕೆ ಇಳಿದುಬಿಡುತ್ತವೆ! ಅಷ್ಟನ್ನೂ ಒಂದು ಹಾಳೆಯಲ್ಲಿ ಕೈಯಲ್ಲೇ ಮಾಡಿ ನೋಡಬಹುದು. 6174ರ ಜೋಡಿ 6 ಮತ್ತು 2: 5994ಕ್ಕೆ 180 ಕೂಡಿದರೆ ಅದೇ 6174.

ಕಾಪ್ರೇಕರ್ ಇದನ್ನು 1955ರಲ್ಲಿ 'ಸ್ಕ್ರಿಪ್ಟಾ ಮ್ಯಾಥಮ್ಯಾಟಿಕಾ' ಪತ್ರಿಕೆಯಲ್ಲಿ ಬರೆದರು. ಹೊರದೇಶದ ಸಾಮಾನ್ಯ ಓದುಗರಿಗೆ ಹೆಸರು ಗೊತ್ತಾಗಿದ್ದು ಇನ್ನೂ ಇಪ್ಪತ್ತು ವರ್ಷದ ಮೇಲೆ, 1975ರಲ್ಲಿ, ಮಾರ್ಟಿನ್ ಗಾರ್ಡ್ನರ್ 'ಸೈಂಟಿಫಿಕ್ ಅಮೆರಿಕನ್' ಅಂಕಣದಲ್ಲಿ ಬರೆದಾಗ. ಕಾಪ್ರೇಕರ್ ತೀರಿಕೊಂಡಿದ್ದು 1986ರಲ್ಲಿ.

ಅಂಕಿ ಕಡಿಮೆ ಜಾಸ್ತಿಯಾದರೆ ಕಥೆ ಬೇರೆ. ಮೂರಂಕಿಯವು 495ಕ್ಕೆ ಬಂದು ನಿಲ್ಲುತ್ತವೆ. ಎರಡಂಕಿಯವು ನಿಲ್ಲುವುದೇ ಇಲ್ಲ: 09, 81, 63, 27, 45, ತಿರುಗಿ 09. ಐದಂಕಿಯಲ್ಲೂ ಇಂಥ ಸುತ್ತುಗಳೇ. 53955ರಿಂದ ಶುರುಮಾಡಿದರೆ 59994 ಬರುತ್ತದೆ, ಅಲ್ಲಿಂದ ಇನ್ನೊಮ್ಮೆ ಕಳೆದರೆ ಮತ್ತೆ 53955.