ಎಮು ಎಣ್ಣೆ ಚರ್ಮದಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆ?

ಆಸ್ಟ್ರೇಲಿಯಾದ ಪರ್ತ್‌ನಲ್ಲಿರುವ ನಮ್ಮ ದೊಡ್ಡಮ್ಮನ ಮಗ ಡಿಸೆಂಬರಿನಲ್ಲಿ ಊರಿಗೆ ಬಂದಾಗ ಒಂದು ಪುಟ್ಟ ಬಾಟಲಿ ತಂದಿದ್ದ. "ಎಮು ಎಣ್ಣೆ ಅಮ್ಮಾ, ಮಂಡಿಗೆ ಹಚ್ಚಿಕೋ, ಮೂಳೆ ತನಕ ಇಳಿಯುತ್ತಂತೆ" ಅಂತ ಕೊಟ್ಟ. ಎಮು ಅಲ್ಲಿನ ದೊಡ್ಡ ಹಕ್ಕಿ, ಅದರ ಕೊಬ್ಬಿನಿಂದ ತೆಗೆದ ಎಣ್ಣೆ ಇದು. ಮಾರನೇ ದಿನ ಬೆಳಿಗ್ಗೆ ದೊಡ್ಡಮ್ಮ ನನ್ನನ್ನು ಕರೆದು ಬಾಟಲಿಯನ್ನು ಕಿಟಕಿ ಬೆಳಕಿಗೆ ಹಿಡಿದರು. ಮೇಲೆ ತಿಳಿ ಹಳದಿ ಎಣ್ಣೆ, ತಳದಲ್ಲಿ ಬೆಳ್ಳಗೆ ಕೆನೆಯಂಥ ಗಸಿ. "ಕೆಟ್ಟಿದೆಯೇನೋ ನೋಡು" ಅಂದರು. ಕೆಟ್ಟಿರಲಿಲ್ಲ. ಬಾಟಲಿಯನ್ನು ಬಿಸಿನೀರಿನ ಲೋಟದಲ್ಲಿ ಇಟ್ಟೆ. ಐದು ನಿಮಿಷದಲ್ಲಿ ಗಸಿ ಕರಗಿ ಎಲ್ಲ ಒಂದೇ ಬಣ್ಣವಾಯಿತು. ಈ ಎಣ್ಣೆ ಚರ್ಮದ ಮೇಲೆ ಏನು ಮಾಡುತ್ತದೆ ಅನ್ನುವುದರ ಗುಟ್ಟು ಆ ಗಸಿಯಲ್ಲೇ ಇದೆ.

ಎಣ್ಣೆಯೊಳಗೆ ಇರುವುದು ಕೊಬ್ಬಿನಾಮ್ಲಗಳು, ಅಂದರೆ ಇಂಗಾಲದ ಉದ್ದುದ್ದ ಸರಗಳು. ಕೆಲವು ಸರ ನೆಟ್ಟಗಿರುತ್ತವೆ, ಕೆಲವು ನಡುವೆ ಡೊಂಕು. ಹಿತ್ತಲಲ್ಲಿ ಸೌದೆ ಒಟ್ಟಿದವರಿಗೆ ಈ ವ್ಯತ್ಯಾಸ ಗೊತ್ತು. ನೀಲಗಿರಿ ಗಳಗಳು ಒಂದರ ಪಕ್ಕ ಒಂದು ಬಿಗಿಯಾಗಿ ಕೂರುತ್ತವೆ. ಜಾಲಿ ಕೊಂಬೆಗಳು ಎಷ್ಟು ಒತ್ತಿದರೂ ನಡುವೆ ಸಂದು ಬಿಡುತ್ತವೆ. ತೆಂಗಿನೆಣ್ಣೆಯಲ್ಲಿ ಹೆಚ್ಚಿನವು ನೆಟ್ಟನೆಯ ಸರಗಳು, ಹಾಗಾಗಿ ಸುಮಾರು 24 ಡಿಗ್ರಿಗೇ ಅದು ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ಡಬ್ಬಿಯನ್ನು ಬಿಸಿಲಿಗೆ ಇಡುತ್ತೇವಲ್ಲ, ಅದೇ. ಡೊಂಕು ಸರಗಳಿಂದಾದ ಶೇಂಗಾ ಎಣ್ಣೆ ಆ ಚಳಿಯಲ್ಲೂ ಹರಿಯುತ್ತಲೇ ಇರುತ್ತದೆ.

ಎಮು ಎಣ್ಣೆ ಈ ಎರಡರ ನಡುವಿನದು. ಅದರಲ್ಲಿ ನೂರಕ್ಕೆ 40ರಿಂದ 50 ಭಾಗ ಓಲಿಯಿಕ್ ಆಮ್ಲ. ಇದು 18 ಇಂಗಾಲದ ಸರ, ಸರಿಯಾಗಿ ನಡುವೆ ಒಂದು ಡೊಂಕು. ಸುಮಾರು 20 ಭಾಗ ಪಾಲ್ಮಿಟಿಕ್, ಹತ್ತರ ಹತ್ತಿರ ಸ್ಟಿಯರಿಕ್, ಇವೆರಡೂ ನೆಟ್ಟನೆಯವು. ಉಳಿದದ್ದರಲ್ಲಿ ಹೆಚ್ಚು ಪಾಲು ಲಿನೋಲಿಯಿಕ್. ಬೆಳಗಿನ ಚಳಿಗೆ ನೆಟ್ಟನೆಯ ಸರಗಳು ಜಾಸ್ತಿ ಇರುವ ಕೊಬ್ಬು ಒಟ್ಟುಗೂಡಿ ದೊಡ್ಡಮ್ಮನ ಬಾಟಲಿಯ ತಳದಲ್ಲಿ ಕೂತಿತ್ತು, ಅಷ್ಟೇ.

ಈಗ ಚರ್ಮಕ್ಕೆ ಬರೋಣ. ನಮ್ಮ ಚರ್ಮದ ಅತಿ ಮೇಲಿನ ಪದರ 10ರಿಂದ 20 ಮೈಕ್ರೋಮೀಟರ್ ದಪ್ಪ. ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಆದರೂ ಒಳಗಿನ ನೀರನ್ನು ಹೊರಗೆ ಬಿಡದೆ, ಹೊರಗಿನದನ್ನು ಒಳಗೆ ಬಿಡದೆ ಕಾಯುವುದು ಅದೇ. ಇದನ್ನು ಇಟ್ಟಿಗೆ ಗೋಡೆ ಅಂದುಕೊಳ್ಳಿ. ಸತ್ತ ಜೀವಕೋಶಗಳೇ ಇಟ್ಟಿಗೆ, ನಡುವಿನ ಕೊಬ್ಬೇ ಗಾರೆ. ಆ ಗಾರೆ ಇಸ್ತ್ರಿ ಮಾಡಿ ಒಂದರ ಮೇಲೊಂದು ಇಟ್ಟ ರೇಷ್ಮೆ ಸೀರೆಗಳ ಹಾಗೆ ಮಟ್ಟಸವಾದ ಪದರಗಳಲ್ಲಿದೆ. ಆ ಸೀರೆಗಳ ನಡುವೆ ಒಂದು ಹ್ಯಾಂಗರ್ ತುರುಕಿ ನೋಡಿ. ಮಡಿಕೆ ಏಳುತ್ತದೆ, ಸಂದು ಬೀಳುತ್ತದೆ. ಓಲಿಯಿಕ್ ಆಮ್ಲದ ಡೊಂಕು ಮಾಡುವುದು ಇದನ್ನೇ. ಬಿಗಿಯಾಗಿ ನಿಂತ ಸಾಲಿನಲ್ಲಿ ಒಬ್ಬ ಮೊಣಕೈ ಚಾಚಿ ನಿಂತರೆ ಅಕ್ಕಪಕ್ಕದವರು ಸರಿಯಲೇಬೇಕು, ಅಲ್ವಾ? ಸಂದಿನಲ್ಲಿ ಬೇರೆಯವರು ತೂರಿಕೊಳ್ಳಬಹುದು. ಚರ್ಮದ ಮೂಲಕ ಔಷಧ ಕೊಡುವ ತಜ್ಞರು ಓಲಿಯಿಕ್ ಆಮ್ಲವನ್ನು ಬಾಗಿಲು ತೆರೆಯುವ ವಸ್ತುವಾಗಿ ದಶಕಗಳಿಂದ ಬಲ್ಲರು.

"ಎಮು ಎಣ್ಣೆ ಏಳು ಪದರ ದಾಟಿ ಮೂಳೆಗೆ ಇಳಿಯುತ್ತದೆ" ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಈ ಮಾತು ಕೇಳಿದಾಗಲೆಲ್ಲ ನನಗೆ ಸುಮ್ನಿರಲು ಆಗುವುದಿಲ್ಲ. ಬಾಟಲಿಯಲ್ಲಿರುವ ಓಲಿಯಿಕ್ ಆಮ್ಲ ಒಂಟಿಯಾಗಿಲ್ಲ. ಮೂರು ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಾಲ್‌ಗೆ ಕಟ್ಟಿಕೊಂಡಿವೆ. ಇದು ಟ್ರೈಗ್ಲಿಸರೈಡ್. ಮೂರೂ ಓಲಿಯಿಕ್ ಆದರೆ ಅದರ ತೂಕ ಸುಮಾರು 885 ಡಾಲ್ಟನ್ (ಅಣುಗಳನ್ನು ತೂಗುವ ಅಳತೆ). ಆರೋಗ್ಯವಂತ ಚರ್ಮದ ಮೂಲಕ ಒಳಗೆ ಇಳಿಯಬೇಕಾದರೆ ಅಣು 500 ಡಾಲ್ಟನ್‌ಗಿಂತ ಚಿಕ್ಕದಿರಬೇಕು ಅನ್ನುವ ಅಂದಾಜಿನ ನಿಯಮವನ್ನು ನೆದರ್ಲೆಂಡ್ಸ್‌ನ ಬಾಸ್ ಮತ್ತು ಮೈನಾರ್ಡಿ 2000ದಲ್ಲಿ ಮುಂದಿಟ್ಟರು. ಹಾಗಾಗಿ ಎಣ್ಣೆಯ ಬಹುಪಾಲು ಮೇಲಿನ ಪದರದಲ್ಲೇ ಉಳಿಯುತ್ತದೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಆ ಕಟ್ಟನ್ನು ಬಿಚ್ಚಿ ಅಲ್ಪಸ್ವಲ್ಪ ಬಿಡಿ ಓಲಿಯಿಕ್ ಆಮ್ಲ ಹೊರಗೆ ಬಿಡುತ್ತವೆ. ಹ್ಯಾಂಗರ್ ಕೆಲಸ ಮಾಡುವುದು ಅದು. ಆದರೆ ಮಂಡಿಯ ಕೀಲು ಇರುವುದು ಆ ತೆಳು ಪದರದಿಂದ ಎಷ್ಟೋ ಕೆಳಗೆ. ತಿಕ್ಕಿದಾಗ ಹಾಯೆನಿಸಿದರೆ ಕೈಬಿಸಿಗೆ, ತಿಕ್ಕಿದ್ದಕ್ಕೆ ದೊಡ್ಡ ಪಾಲು ಕೊಡಬೇಕು.

ಇನ್ನೊಂದು ಮಾತು: "ಎಮು ಕೊಬ್ಬು ಮನುಷ್ಯನ ಚರ್ಮದ ಕೊಬ್ಬಿನಂತೆಯೇ ಇದೆ." ಚರ್ಮದ ಕೆಳಗೆ ಶೇಖರವಾಗುವ ಕೊಬ್ಬಿಗೆ ಹೋಲಿಕೆ ಇರುವುದು ನಿಜ. ಹಂದಿ ಕೊಬ್ಬಿಗೂ ಅಷ್ಟೇ ಹೋಲಿಕೆ ಇದೆ. ಗೋಡೆಯ ಗಾರೆ ಬೇರೆಯೇ ವಸ್ತು. ಅದರಲ್ಲಿ ಅರ್ಧದಷ್ಟು ಸೆರಮೈಡ್ ಅನ್ನುವ ಕೊಬ್ಬು, ಕಾಲು ಭಾಗದಷ್ಟು ಕೊಲೆಸ್ಟರಾಲ್, ಉಳಿದದ್ದರಲ್ಲಿ ಬಿಡಿ ಕೊಬ್ಬಿನಾಮ್ಲ. ಎಮು ಎಣ್ಣೆ ಈ ಗಾರೆಯ ಬದಲಿ ಆಗಲಾರದು.

ಹಾಗಾದರೆ ಉಪಯೋಗ ಇಲ್ಲವೇ? ಖಂಡಿತ ಇದೆ. ಒಣ ಚರ್ಮದ ಮೇಲೆ ತೆಳುವಾಗಿ ಹರಡಿ ನೀರು ಆರುವುದನ್ನು ತಡೆಯುತ್ತದೆ, ಒರಟುತನ ಕಡಿಮೆ ಮಾಡುತ್ತದೆ. 1996ರಲ್ಲಿ ಪ್ರಕಟವಾದ ಒಂದು ಪುಟ್ಟ ಪರೀಕ್ಷೆಯಲ್ಲಿ 11 ಜನ ಎಮು ಎಣ್ಣೆಯನ್ನೂ ಖನಿಜ ಎಣ್ಣೆಯನ್ನೂ ಯಾವುದು ಯಾವುದೆಂದು ತಿಳಿಯದೆ ಹಚ್ಚಿಕೊಂಡರು. ಎಮು ಎಣ್ಣೆ ಹಚ್ಚಿಕೊಳ್ಳಲು ಹಿತ, ಚೆನ್ನಾಗಿ ಹೀರಿಕೊಳ್ಳುತ್ತದೆ ಅನ್ನುವುದು ಸ್ಪಷ್ಟವಾಯಿತು. ತೇವ ಹಿಡಿಯುವುದರಲ್ಲೂ ಮೇಲು ಅನಿಸಿತು, ಆದರೆ ಜನ ಕಡಿಮೆ ಇದ್ದದ್ದರಿಂದ ಅದನ್ನು ಗಟ್ಟಿಯಾಗಿ ಹೇಳಲಾಗಲಿಲ್ಲ. ನನಗೆ ಬಹಳ ಇಷ್ಟವಾದದ್ದು ಇಲಿಗಳ ಮೇಲಿನ ಕೆಲಸ. ನಮ್ಮ ಹಳ್ಳಿಗಳಲ್ಲಿ ಭೇದಿಗೆ ಹೆಸರಾದ ಜಾಪಾಳದ ಎಣ್ಣೆ ಇದೆಯಲ್ಲ, ಅದನ್ನು ಇಲಿಯ ಕಿವಿಗೆ ಸವರಿದರೆ ಕಿವಿ ಉರಿದು ಊದಿಕೊಳ್ಳುತ್ತದೆ. 2003ರ ಒಂದು ಅಧ್ಯಯನದಲ್ಲಿ ಹಾಗೆ ಊದಿದ ಕಿವಿಗೆ ಎಮು ಎಣ್ಣೆ ಹಚ್ಚಿದಾಗ ಊತ ಇಳಿಯಿತು. ಉರಿಯೂತದ ಸುದ್ದಿ ಹೊತ್ತು ತಿರುಗುವ ಪ್ರೋಟೀನುಗಳೂ ಕಡಿಮೆಯಾದವು. ಆದರೆ ಮನುಷ್ಯರಲ್ಲಿ ಇಷ್ಟು ಜೋರಾದ ಫಲ ಕಂಡಿಲ್ಲ. ಇರಾನಿನಲ್ಲಿ 126 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಸೆಬೊರಿಯಿಕ್ ಡರ್ಮಟೈಟಿಸ್ ಅನ್ನುವ ಚರ್ಮರೋಗದ ತುರಿಕೆ, ಕೆಂಪು, ಹೊಟ್ಟು ಎಮು ಎಣ್ಣೆಯಿಂದ ಕಡಿಮೆಯಾದವು, ಆದರೆ ಮೆಡಿಕಲ್ ಶಾಪಿನ ಮಾಮೂಲಿ ಮುಲಾಮುಗಳು ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿದವು.

ಡೊಂಕಿನ ಕೆಡುಕನ್ನೂ ಹೇಳಬೇಕು. 2013ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ತಂಡವೊಂದು ದೊಡ್ಡವರ ಮುಂಗೈಗೆ ದಿನಕ್ಕೆರಡು ಸಲ ಆರಾರು ಹನಿ ಎಣ್ಣೆ ಹಚ್ಚಿಸಿತು, ನಾಲ್ಕೈದು ವಾರ. ಓಲಿಯಿಕ್ ತುಂಬಿದ ಆಲಿವ್ ಎಣ್ಣೆ ಗೋಡೆಯನ್ನು ಸಡಿಲ ಮಾಡಿತು, ಚರ್ಮ ಸ್ವಲ್ಪ ಕೆಂಪಾಯಿತು. ಲಿನೋಲಿಯಿಕ್ ಹೆಚ್ಚಿರುವ ಸೂರ್ಯಕಾಂತಿ ಎಣ್ಣೆ ಗೋಡೆಯನ್ನು ಕೆಡಿಸಲಿಲ್ಲ, ತೇವವನ್ನೂ ಹೆಚ್ಚಿಸಿತು. ಎಮು ಎಣ್ಣೆಯಲ್ಲಿ ಓಲಿಯಿಕ್ ಆಲಿವ್‌ನಷ್ಟು ಇಲ್ಲ, ಆದರೆ ಕಡಿಮೆಯೂ ಇಲ್ಲ. ಎಳೆಮಕ್ಕಳಿಗೆ, ಇಸುಬು ಇರುವವರಿಗೆ ದಿನಾ ಹಚ್ಚುವುದು ಬೇಡ ಅಂತ ನಾನು ಹೇಳುವುದು ಅದಕ್ಕೇ.

ಆಸ್ಟ್ರೇಲಿಯಾದ ಮೂಲನಿವಾಸಿಗಳು ಈ ಕೊಬ್ಬನ್ನು ಬಹಳ ಹಿಂದಿನಿಂದಲೂ ಗಾಯಕ್ಕೆ, ಮೈಕೈ ನೋವಿಗೆ ಹಚ್ಚುತ್ತಿದ್ದರು. ಕೆಂಪು ಮಣ್ಣಿನ ಜೊತೆ ಕಲಸಿ ಮೈಗೆ ಬಣ್ಣ ಬಳಿದುಕೊಳ್ಳುತ್ತಿದ್ದರು. ಹಕ್ಕಿ ಇಷ್ಟು ಕೊಬ್ಬು ಕೂಡಿಡುವುದಕ್ಕೂ ಕಾರಣ ಇದೆ. ಎಮುವಿನಲ್ಲಿ ಕಡುಹಸಿರು ಮೊಟ್ಟೆಗಳಿಗೆ ಕಾವು ಕೊಡುವುದು ಗಂಡು. ಎಂಟು ವಾರ ಅದು ಹೆಚ್ಚುಕಮ್ಮಿ ಊಟ, ನೀರು ಬಿಟ್ಟು ಕೂರುತ್ತದೆ, ದಿನಕ್ಕೆ ಹತ್ತು ಸಲದಷ್ಟು ಎದ್ದು ಮೊಟ್ಟೆ ತಿರುಗಿಸುತ್ತದೆ. ಏಳುವ ಹೊತ್ತಿಗೆ ಮೈತೂಕದ ಮೂರನೇ ಒಂದು ಭಾಗ ಕರಗಿರುತ್ತದೆ. ಬಾಟಲಿಗೆ ಬರುವುದು ಆ ಬುತ್ತಿ. ಹಕ್ಕಿ ತಿಂದದ್ದರ ಮೇಲೆ ಆ ಬುತ್ತಿಯೂ ಬದಲಾಗುತ್ತದೆ: ಕಾಡಿನ ಸೊಪ್ಪು, ಬೀಜ ತಿಂದ ಎಮುವಿನ ಕೊಬ್ಬು ಒಂದು ಥರ, ಜೋಳ, ಸೋಯಾ ತಿಂದದ್ದು ಇನ್ನೊಂದು ಥರ. 1990ರ ದಶಕದಲ್ಲಿ ಆಸ್ಟ್ರೇಲಿಯಾದವರೇ ಬೇರೆ ಬೇರೆ ಎಮು ಎಣ್ಣೆಗಳನ್ನು ಇಲಿಗಳ ಮೇಲೆ ನೋಡಿದಾಗ ಎಲ್ಲವೂ ಒಂದೇ ರೀತಿ ಕೆಲಸ ಮಾಡಲಿಲ್ಲ.

ಅತಿ ನಂಬಿಕೆಗೆ ನಮ್ಮ ನೆರೆಯಲ್ಲೇ ದೊಡ್ಡ ಬೆಲೆ ತೆತ್ತದ್ದಿದೆ. ಎಣ್ಣೆ, ಮಾಂಸ, ಚರ್ಮ ಎಲ್ಲಕ್ಕೂ ಚಿನ್ನದ ಬೆಲೆ ಅಂತ ನಂಬಿ ತಮಿಳುನಾಡಿನ ಈರೋಡ್ ಸುತ್ತ ಜನ ಎಮು ಸಾಕಣೆಗೆ ಹಣ ಹಾಕಿದರು. 2012ರಲ್ಲಿ ಎಲ್ಲ ಕುಸಿಯಿತು. ಹಸಿದ ಹಕ್ಕಿಗಳಿಗೆ ಕೊನೆಗೆ ಸರ್ಕಾರವೇ ಮೇವು ಹಾಕಬೇಕಾಯಿತು. ಕರ್ನಾಟಕದಲ್ಲೂ ಕೈಸುಟ್ಟುಕೊಂಡವರಿದ್ದಾರೆ. ನನಗೆ ಇದಕ್ಕಿಂತ ಹೆಚ್ಚು ಆತಂಕ ಉಡದ ಎಣ್ಣೆಯದು. ಮೂಳೆಗೆ ಇಳಿಯುತ್ತದೆ ಅನ್ನುವ ಅದೇ ಮಾತಿಗೆ ಮರುಳಾಗಿ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವ ಪ್ರಾಣಿಯನ್ನು ಈಗಲೂ ಕೊಲ್ಲುತ್ತಾರೆ. ಎಮು ಎಣ್ಣೆಯನ್ನು ರೋಗ ವಾಸಿಮಾಡುವ ಮದ್ದೆಂದು ಮಾರುವುದನ್ನು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಆರೋಗ್ಯದ ಹೆಸರಿನ ಮೋಸಗಳ ಪಟ್ಟಿಗೆ ಸೇರಿಸಿತ್ತು.

ದೊಡ್ಡಮ್ಮನ ಮಂಡಿಯನ್ನು ಮೂಳೆ ಡಾಕ್ಟರಿಗೆ ತೋರಿಸಿದ್ದಾಯಿತು. ಬಾಟಲಿ ಈಗ ಬಚ್ಚಲ ಪಕ್ಕದ ಗೂಡಿನಲ್ಲಿದೆ. ಮೊದಲು ಎರಡು ದಿನ ಮೊಣಕೈ ಒಳಗಡೆ ಒಂದು ಹನಿ ಹಚ್ಚಿ ನೋಡಿದರು, ತುರಿಕೆ ಬರಲಿಲ್ಲ. ಆಮೇಲೆ ಸ್ನಾನ ಮುಗಿಸಿ, ಕಾಲು ಇನ್ನೂ ಪಸೆ ಇರುವಾಗಲೇ, ಒಡೆದ ಹಿಮ್ಮಡಿಗೆ ನಾಲ್ಕು ಹನಿ ಸವರಿ ಹಳೇ ಕಾಲುಚೀಲ ಹಾಕಿಕೊಳ್ಳತೊಡಗಿದರು. ಜನವರಿ ಮುಗಿಯುವ ಹೊತ್ತಿಗೆ ಬಿರುಕು ಮುಚ್ಚಿತ್ತು. ಖಾಲಿಯಾದ ಮೇಲೆ ಮತ್ತೆ ತರಿಸಬೇಕಾ ಅಂತ ಕೇಳಿದರು. ಬೇಡ, ಅಡುಗೆಮನೆಯ ಸೂರ್ಯಕಾಂತಿ ಎಣ್ಣೆಯನ್ನೇ ಹೀಗೇ ಹಚ್ಚಿ ನೋಡಿ ಅಂದಿದ್ದೇನೆ.