ನಡುವೆ ಮಾಡಿದ ತಪ್ಪು ಅಂಚಲ್ಲಿ ಕಾಣತ್ತೆ: ತಿರುಗೋ ಡಿಶ್ಶಿನ ಲೆಕ್ಕ

ಮೈಸೂರಲ್ಲಿ ನಮ್ಮನೆ ಟೆರೇಸ್ ಮೇಲೆ ಎಂಟಡಿ ಜಾಲರಿ ಡಿಶ್ ನಿಲ್ಸಿ ಅದಕ್ಕೆ ಮೋಟಾರ್ ಹಾಕ್ದಾಗ ನನ್ ತಲೇಲಿ ಇದ್ದಿದ್ದು ಒಂದೇ, ಇನ್ಮೇಲೆ ಬಟನ್ ಒತ್ತಿದ್ರೆ ಸಾಕು, ಡಿಶ್ ತಾನೇ ತಿರುಗಿ ಆಕಾಶದಲ್ಲಿರೋ ಸ್ಯಾಟಲೈಟನ್ನೆಲ್ಲ ಒಂದೊಂದಾಗಿ ಹಿಡ್ಕೊಡತ್ತೆ ಅಂತ. ತಿರುಗೋದೇನೋ ಮೊದಲ ದಿನಾನೇ ತಿರುಗ್ತು. 83 ಡಿಗ್ರಿ ಪೂರ್ವ ರೇಖಾಂಶದ ಮೇಲಿರೋ ಜಿಸ್ಯಾಟ್-30 ಸ್ಯಾಟಲೈಟ್ ಗಟ್ಟಿಯಾಗಿ ಬಂತು. 93.5ರ ಜಿಸ್ಯಾಟ್-17 ಬಂತು ಆದ್ರೆ ಸಿಗ್ನಲ್ ಸೊರಗಿತ್ತು. 105.5ರ ಏಷ್ಯಾಸ್ಯಾಟ್-7ಕ್ಕೆ ಹೋದ್ರೆ ಏನೂ ಇಲ್ಲ, ಪೂರ್ತಿ ಖಾಲಿ. ಈ ಕಡೆ ಪಶ್ಚಿಮಕ್ಕೆ ಬಂದ್ರೆ 66ರ ಇಂಟೆಲ್‌ಸ್ಯಾಟ್-17 ಬಿಟ್ಟು ಬಿಟ್ಟು ಬರ್ತಿತ್ತು. ಅಲ್ಲಿಂದ ಶುರುವಾಗಿದ್ದು ಹತ್ತಿರ ಹತ್ತಿರ ಎರಡು ತಿಂಗಳ ಗೋಳು, ಆ ಗೋಳಿನ ಹಿಂದಿರೋ ರೇಖಾಗಣಿತ ಅರ್ಥ ಆದ್ಮೇಲೆ ಇದನ್ನ ಬರೀಲೇಬೇಕು ಅನ್ನಿಸ್ತು.

ಈ ಸ್ಯಾಟಲೈಟುಗಳೆಲ್ಲ ಸಮಭಾಜಕ ವೃತ್ತದ ಮೇಲೆ ಸರಿಯಾಗಿ 35,786 ಕಿಲೋಮೀಟರ್ ಎತ್ತರದಲ್ಲಿ ಒಂದೇ ಬಳೆಯಲ್ಲಿ ಪೋಣಿಸಿದ ಹಾಗೆ ಇರ್ತವೆ, ಅಷ್ಟು ಎತ್ತರದಲ್ಲಿ ಒಂದು ಸುತ್ತು ಬರೋಕೆ 23 ಗಂಟೆ 56 ನಿಮಿಷ ಬೇಕು, ಭೂಮಿ ತನ್ನ ಸುತ್ತ ತಿರುಗೋಕೆ ತಗೊಳ್ಳೋದೂ ಅಷ್ಟೇ ಹೊತ್ತು, ಅದಕ್ಕೇ ಅವು ನಮಗೆ ನಿಂತಲ್ಲೇ ನಿಂತ ಹಾಗೆ ಕಾಣ್ತವೆ. ಹಾಗೆ ನಿಂತಿರ್ತವೆ ಅಂದ್ರೆ ತಮ್ಮಷ್ಟಕ್ಕೆ ತಾವೇ ನಿಲ್ಲಲ್ಲ, ಸೂರ್ಯ ಚಂದ್ರ ಇಬ್ರೂ ಎಳೀತಿರ್ತಾರೆ, ಅದಕ್ಕೆ ಹಾಸನದಲ್ಲಿರೋ ಇಸ್ರೋ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಿಂದ ಆಗಾಗ ಸಣ್ಣ ಇಂಜಿನ್ ಉರಿಸಿ ನಮ್ಮ ಸ್ಯಾಟಲೈಟುಗಳನ್ನ ಅವುಗಳ ಜಾಗಕ್ಕೆ ವಾಪಸ್ ತರ್ತಾರೆ. ಅಲ್ಲಿ ಅವರು ಡಿಗ್ರಿಯ ಹತ್ತನೇ ಒಂದು ಭಾಗದ ಲೆಕ್ಕ ಹಿಡಿದು ಕೆಲಸ ಮಾಡ್ತಿದ್ರೆ ಇಲ್ಲಿ ನಾನು ಸ್ಪ್ಯಾನರ್ ಹಿಡ್ಕೊಂಡು ಒಂದು ಡಿಗ್ರಿಗೆ ಒದ್ದಾಡ್ತಿದ್ದೆ.

ಒಂದು ಡಿಗ್ರಿ ಯಾಕೆ ಅಷ್ಟು ಮುಖ್ಯ ಅಂದ್ರೆ ಡಿಶ್ ನೋಡೋ ಕಿಂಡಿ ಬಹಳ ಚಿಕ್ಕದು. ತರಂಗದ ಉದ್ದವನ್ನ ಡಿಶ್ಶಿನ ಅಗಲದಿಂದ ಭಾಗಿಸಿ 70ರಿಂದ ಗುಣಿಸಿದ್ರೆ ಆ ಕಿಂಡಿಯ ಅಗಲ ಡಿಗ್ರಿಯಲ್ಲಿ ಸಿಗತ್ತೆ. ನನ್ ಡಿಶ್ ಹಿಡಿಯೋ ಸಿ ಬ್ಯಾಂಡ್ ತರಂಗ ಏಳೂವರೆ ಸೆಂಟಿಮೀಟರ್, ಎಂಟಡಿ ಅಂದ್ರೆ 2.44 ಮೀಟರ್, ಲೆಕ್ಕ ಹಾಕಿದ್ರೆ ಸುಮಾರು 2.2 ಡಿಗ್ರಿ. ಅಂದ್ರೆ ನಡುವಿಂದ ಒಂದು ಡಿಗ್ರಿ ಸ್ವಲ್ಪ ಆಚೆ ಹೋದ್ರೆ ಸಿಗ್ನಲ್ ಅರ್ಧಕ್ಕೆ ಇಳೀತು. 1975ರಲ್ಲಿ ಸ್ಯಾಟಲೈಟ್ ಟಿವಿಯ ಸೈಟ್ (SITE) ಪ್ರಯೋಗ ನಡೆದಾಗ ನಮ್ಮ ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆ ಹಳ್ಳಿಗಳಲ್ಲಿ ಕೋಳಿಗೂಡಿಗೆ ಹಾಕೋ ತಂತಿ ಬಲೆಯಿಂದ ಮಾಡಿದ ಹತ್ತಡಿ ಡಿಶ್ ಇಟ್ಟು ಟಿವಿ ತೋರ್ಸಿದ್ರಲ್ಲ, ಆಗ ತರಂಗ ಸುಮಾರು 35 ಸೆಂಟಿಮೀಟರ್ ಉದ್ದದ್ದು, ಹಾಗಾಗಿ ಕಿಂಡಿ ಎಂಟು ಡಿಗ್ರಿ ಅಗಲ ಇತ್ತು, ಸ್ಯಾಟಲೈಟೂ ಒಂದೇ. ಕೈಯಲ್ಲಿ ತಿರುಗಿಸಿ ಬೋಲ್ಟ್ ಬಿಗಿ ಮಾಡಿದ್ರೆ ಮುಗೀತು. ನಾವು ಈಗ ಆ ಕಾಲು ಭಾಗದ ಕಿಂಡಿ ಇಟ್ಕೊಂಡು ಇಡೀ ಬಳೆ ಉದ್ದಕ್ಕೂ ಓಡಾಡ್ಬೇಕು ಅಂತಿದ್ದೀವಿ.

ಓಡಾಡೋಕೆ ಡಿಶ್ ಒಂದೇ ಅಚ್ಚಿನ ಮೇಲೆ ತಿರುಗತ್ತೆ, ಆ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರ ಇರ್ಬೇಕು. ಮೈಸೂರಿನ ಅಕ್ಷಾಂಶ 12.3 ಡಿಗ್ರಿ, ಹಾಗಾಗಿ ಅಚ್ಚು ನೆಲಕ್ಕೆ 12.3 ಡಿಗ್ರಿ ಓರೆಯಾಗಿ ಉತ್ತರದ ಕಡೆ ಎದ್ದಿರ್ಬೇಕು. ಇಷ್ಟೇ ಆಗಿದ್ರೆ ನಕ್ಷತ್ರ ನೋಡೋ ದೂರದರ್ಶಕಕ್ಕೆ ಸಾಕಾಗ್ತಿತ್ತು, ಆದ್ರೆ ಸ್ಯಾಟಲೈಟ್ ಅಷ್ಟು ದೂರ ಇಲ್ಲ. ಸಮಭಾಜಕದ ಸಮತಲದಿಂದ ಮೈಸೂರು ಸುಮಾರು 1,360 ಕಿಲೋಮೀಟರ್ ಉತ್ತರಕ್ಕಿದೆ, ಸ್ಯಾಟಲೈಟ್ ಇರೋದು 36,000 ಕಿಲೋಮೀಟರ್ ಆಚೆ, ಅದಕ್ಕೇ ಡಿಶ್ಶನ್ನ ಅಚ್ಚಿಂದ ಇನ್ನೂ 2.2 ಡಿಗ್ರಿ ದಕ್ಷಿಣಕ್ಕೆ ಬಗ್ಗಿಸ್ಬೇಕು. ಇದನ್ನ ಡೆಕ್ಲಿನೇಶನ್ ಅಂತಾರೆ. ಇದೂ ಸರಿ ಇದ್ದು, ಕಂಬ ನೆಟ್ಟಗಿದ್ದು, ಕಂಬದ ಮೇಲೆ ಡಿಶ್ಶನ್ನ ಹೊತ್ತಿರೋ ಇಡೀ ಮೌಂಟು ಸರಿಯಾಗಿ ಉತ್ತರ ದಕ್ಷಿಣಕ್ಕೆ ಕೂತಿದ್ರೆ ಆಗ ಮಾತ್ರ ಡಿಶ್ ಬಳೆಯ ಮೇಲೇ ಸಾಗತ್ತೆ.

ತಲೆ ಕೆಡೋದು ಇಲ್ಲೇ. ಅಚ್ಚಿನ ಓರೆ ಒಂದು ಡಿಗ್ರಿ ತಪ್ಪಿದೆ, ಡೆಕ್ಲಿನೇಶನ್ ಅದಕ್ಕೆ ಉಲ್ಟಾ ಒಂದು ಡಿಗ್ರಿ ತಪ್ಪಿದೆ ಅಂತ ಇಟ್ಕೊಳಿ, ನೇರ ದಕ್ಷಿಣದಲ್ಲಿ ಎರಡೂ ಒಂದನ್ನೊಂದು ಹೊಡೆದು ಹಾಕಿ ಸಿಗ್ನಲ್ ಅದ್ಭುತವಾಗಿ ಬರತ್ತೆ. ಡಿಶ್ ಪಕ್ಕಕ್ಕೆ ಸರಿತಾ ಹೋದ ಹಾಗೆ ಓರೆಯ ತಪ್ಪು ಕರಗ್ತಾ ಹೋಗತ್ತೆ, ಡೆಕ್ಲಿನೇಶನ್ ತಪ್ಪು ಮಾತ್ರ ಹಾಗೇ ಉಳಿಯತ್ತೆ, ಎರಡೂ ತುದಿಯಲ್ಲಿ ಡಿಶ್ ಬಳೆ ಬಿಟ್ಟು ಒಂದೇ ಕಡೆಗೆ ಜಾರತ್ತೆ. ಮೌಂಟು ಉತ್ತರ ದಕ್ಷಿಣಕ್ಕೆ ಸರಿಯಾಗಿ ಕೂರದ ತಪ್ಪಿನ ನಡತೆ ಬೇರೆ. ನಡುವೆ ಅದು ಕಾಣೋದೇ ಇಲ್ಲ, ತುದಿಗಳಲ್ಲಿ ಒಂದು ಕಡೆ ಉತ್ತರಕ್ಕೂ ಇನ್ನೊಂದು ಕಡೆ ದಕ್ಷಿಣಕ್ಕೂ ತಪ್ಪಿಸತ್ತೆ. ನಾನು ದಿಕ್ಕು ನೋಡಿದ್ದು ಮೊಬೈಲ್ ಕಂಪಾಸಲ್ಲಿ, ಅದೂ ಕಬ್ಬಿಣದ ಕಂಬದ ಪಕ್ಕ ನಿಂತು, ಕಾಲ್ಕೆಳಗೆ ಮೋಲ್ಡಿಂಗ್ ಕಂಬಿ ಬೇರೆ. ಮೂರು ಡಿಗ್ರಿ ತಪ್ಪಿತ್ತು ಅಂತ ಆಮೇಲೆ ಗೊತ್ತಾಯ್ತು. ಮೂರು ಡಿಗ್ರಿ ತಪ್ಪು 83ರಲ್ಲಿ ಅರ್ಧ ಡಿಗ್ರಿಗಿಂತ ಕಡಿಮೆ, 93.5ರಲ್ಲಿ ಒಂದು ಡಿಗ್ರಿ, 105.5ರಲ್ಲಿ 1.6 ಡಿಗ್ರಿ. ನನ್ನ ಕಷ್ಟ ಪೂರ್ತಿ ಈ ಮೂರು ಅಂಕಿಯಲ್ಲಿತ್ತು, ಆದ್ರೆ ಆಗ ನನಗದು ಗೊತ್ತಿರ್ಲಿಲ್ಲ, 105.5 ಬರ್ತಿಲ್ಲ ಅಂತ ಡೆಕ್ಲಿನೇಶನ್ ಬೋಲ್ಟ್ ತಿರುಗಿಸ್ದೆ. 105.5 ಬಂತು! 83 ಸೋತು ಹೋಯ್ತು, 66 ಪೂರ್ತಿ ಮಾಯ. ಅದನ್ನ ಸರಿ ಮಾಡೋಕೆ ಅಚ್ಚಿನ ಓರೆ ಬದಲಾಯಿಸ್ದೆ. ಒಂದು ತಪ್ಪಿದ್ದ ಜಾಗದಲ್ಲಿ ಈಗ ಮೂರು ತಪ್ಪು.

ಇದರ ಜೊತೆಗೆ ಡಿಜಿಟಲ್ ಕಾಟ. ಮೊದಲಿನ ಅನಲಾಗ್ ಕಾಲದಲ್ಲಿ ಹತ್ತಿರ ಬಂದ ಹಾಗೆ ಚುಕ್ಕೆ ಚುಕ್ಕೆ ಚಿತ್ರ ಕಾಣ್ತಿತ್ತು, ಎತ್ತ ಹೋಗ್ಬೇಕು ಅಂತ ಅದೇ ಹೇಳ್ತಿತ್ತು. ಈಗ ಒಂದು ಮಟ್ಟಕ್ಕಿಂತ ಕೆಳಗಿದ್ರೆ ಏನೂ ಇಲ್ಲ, ಮೇಲಿದ್ರೆ ಪೂರ್ತಿ ಚಿತ್ರ. ರಿಸೀವರ್ ಮೀಟರ್ ಕೂಡ ಒಂದೆರಡು ಸೆಕೆಂಡ್ ತಡವಾಗಿ ತೋರ್ಸತ್ತೆ, ಕೆಳಗೆ ಟಿವಿ ಮುಂದೆ ಕೂತ ನನ್ನ ಮಗಳು ಫೋನಲ್ಲಿ "ಅಪ್ಪಾ ಬಂತು" ಅನ್ನೋಷ್ಟರಲ್ಲಿ ನಾನು ಆ ಜಾಗ ದಾಟಿ ಹೋಗಿರ್ತಿದ್ದೆ. ಬೋಲ್ಟ್ ಸ್ವಲ್ಪ ತಿರುಗಿಸಿ ಮನಸ್ಸಲ್ಲೇ ಐದು ಎಣಿಸಿ ಆಮೇಲೆ ಕೇಳೋದು ಅಭ್ಯಾಸ ಆಗೋಕೆ ಎಷ್ಟೋ ಸಂಜೆ ಬೇಕಾಯ್ತು. ಅವಳು ಬೇಜಾರಿಲ್ಲದೆ ಕೂತಿದ್ದು ದೊಡ್ಡದು.

ನಮ್ಮ ಕಡೆಯವರಿಗೆ ಮಾತ್ರ ಇರೋ ಒಂದು ಕಷ್ಟ ಹೇಳ್ಬೇಕು. ಯುರೋಪಿನ ಮಧ್ಯಭಾಗದಲ್ಲಿ ಈ ಅಚ್ಚು 50 ಡಿಗ್ರಿ ಎದ್ದು ನಿಂತಿರತ್ತೆ, ನಮ್ಮಲ್ಲಿ 12 ಡಿಗ್ರಿ, ಅಂದ್ರೆ ಬಹುತೇಕ ಮಲಗಿದೆ. ಮಲಗಿದ ಅಚ್ಚಿನ ಮೇಲೆ ಡಿಶ್ ಪೂರ್ವಕ್ಕೆ ತಿರುಗಿದ್ರೆ ಅದರ ಭಾರ ಪೂರ್ವಕ್ಕೆ ಬೀಳತ್ತೆ, ಪಶ್ಚಿಮಕ್ಕೆ ತಿರುಗಿದ್ರೆ ಪಶ್ಚಿಮಕ್ಕೆ. ಮೋಟಾರಿನ ರಾಡು ಒಂದು ಕಡೆ ಭಾರ ತಳ್ತಾ ಇದ್ದಿದ್ದು ನಡು ದಾಟಿದ ಕೂಡ್ಲೇ ಎಳೀಬೇಕಾಗತ್ತೆ, ಆ ಗಳಿಗೇಲಿ ಬುಷ್ಷಲ್ಲಿರೋ ಸಡಿಲ ಎಲ್ಲ ಹೊರಗೆ ಬಂದು ಡಿಶ್ ಟಕ್ ಅಂತ ಒಂದು ಚೂರು ಜಿಗಿಯತ್ತೆ. ಮೈಸೂರಿನ ರೇಖಾಂಶ 76.65, ಸೋ ಆ ಜಿಗಿತ ಆಗೋದು 76.5ರ ಆಪ್‌ಸ್ಟಾರ್-7 ಹತ್ರಾನೇ. ಪೂರ್ವದಿಂದ ಬಂದ್ರೆ ಒಂದು ಪೊಸಿಷನ್, ಪಶ್ಚಿಮದಿಂದ ಬಂದ್ರೆ ಇನ್ನೊಂದು. ಯಾವಾಗ್ಲೂ ಒಂದೇ ದಿಕ್ಕಿಂದ ಬಂದು ನಿಲ್ಸೋದು ಇದಕ್ಕಿರೋ ಸುಲಭದ ದಾರಿ. ಇನ್ನು ಮೋಟಾರ್ ಎಷ್ಟು ತಿರುಗ್ತು ಅನ್ನೋದನ್ನ ಒಳಗಿರೋ ಸಣ್ಣ ಸ್ವಿಚ್ಚು ಎಣಿಸ್ತಿರತ್ತೆ, ತಿರುಗೋ ಮಧ್ಯದಲ್ಲಿ ಕರೆಂಟ್ ಹೋದ್ರೆ ಎಣಿಕೆ ತಪ್ಪಿ ಸೇವ್ ಮಾಡಿದ ಜಾಗವೆಲ್ಲ ಒಟ್ಟಿಗೆ ಸರಿದು ಹೋಗ್ತವೆ. ಅದಕ್ಕೊಂದು ಯುಪಿಎಸ್ ಕೊಟ್ಬಿಡಿ.

ಕೊನೆಗೆ ನಾನು ಕಲಿತ ಪರೀಕ್ಷೆ ಇದು. ಸಿಗ್ನಲ್ ಇಲ್ಲದ ತುದಿಗೆ ಡಿಶ್ ತಗೊಂಡು ಹೋಗಿ ಅದರ ಉತ್ತರದ ಅಂಚನ್ನ ಕೈಯಲ್ಲಿ ಮೆಲ್ಲಗೆ ಕೆಳಗೆ ಒತ್ತಿ, ಆಮೇಲೆ ದಕ್ಷಿಣದ ಅಂಚನ್ನ ಒತ್ತಿ, ಯಾವುದಕ್ಕೆ ಸಿಗ್ನಲ್ ಏರತ್ತೆ ನೋಡಿ. ಇನ್ನೊಂದು ತುದಿಯಲ್ಲೂ ಹಾಗೇ ಮಾಡಿ. ಎರಡೂ ತುದಿಯಲ್ಲಿ ಒಂದೇ ಅಂಚು ಕೇಳಿದ್ರೆ ಓರೆ ಅಥವಾ ಡೆಕ್ಲಿನೇಶನ್ ತಪ್ಪಿದೆ. ಒಂದು ತುದಿ ಉತ್ತರ, ಇನ್ನೊಂದು ದಕ್ಷಿಣ ಕೇಳಿದ್ರೆ ಕಂಬದ ಮೇಲೆ ಮೌಂಟು ತಿರುಚಿ ಕೂತಿದೆ, ಬೇರೆ ಯಾವ ಬೋಲ್ಟನ್ನೂ ಮುಟ್ಟಬೇಡಿ.

ಇದೆಲ್ಲ ತಿಳಿದ್ಮೇಲೆ ನಾನು ಮೊದಲಿಂದ ಶುರು ಮಾಡ್ದೆ. ಗಾರೆ ಕೆಲಸದ ರಸಮಟ್ಟ ಇಟ್ಟು ಕಂಬ ನೆಟ್ಟಗೆ ಮಾಡ್ಕೊಂಡು, ಓರೆ 12.3ಕ್ಕೂ ಡೆಕ್ಲಿನೇಶನ್ 2.2ಕ್ಕೂ ವಾಪಸ್ ತಂದು ಬಿಗಿ ಮಾಡಿ, ಮಾರ್ಚ್ 15ಕ್ಕೆ ಕಾದೆ. ಆವತ್ತಿನ ವಿಶೇಷ ಏನಂದ್ರೆ ಸೂರ್ಯ ಆಕಾಶದ ಸಮಭಾಜಕದಿಂದ ಸುಮಾರು 2.2 ಡಿಗ್ರಿ ದಕ್ಷಿಣಕ್ಕಿರ್ತಾನೆ, ಅಂದ್ರೆ ಮೈಸೂರಿಂದ ನೋಡೋರಿಗೆ ಸ್ಯಾಟಲೈಟ್ ಬಳೆ ಎಲ್ಲಿದೆಯೋ ಅದೇ ದಾರೀಲಿ ದಿನವಿಡೀ ನಡೀತಾನೆ. ಸೆಪ್ಟೆಂಬರ್ 28ರ ಹೊತ್ತಿಗೂ ಹೀಗೇ ಆಗತ್ತೆ. ಡಿಶ್ಶಿನ ಮುಂದೆ ಮೂರು ಅಡಿ ಎತ್ತರದಲ್ಲಿರೋ, ಡಿಶ್ ಕೂಡಿಸಿದ ಸಿಗ್ನಲ್ ಹಿಡಿಯೋ ಎಲ್‌ಎನ್‌ಬಿ ನೆರಳು ಡಿಶ್ಶಿನ ನಡುಮಧ್ಯಕ್ಕೆ ಬಿದ್ರೆ ಡಿಶ್ ಸೂರ್ಯನನ್ನೇ ನೋಡ್ತಿದೆ ಅಂತರ್ಥ, ಒಂದು ಡಿಗ್ರಿ ತಪ್ಪಿದ್ರೆ ನೆರಳು ಒಂದೂವರೆ ಸೆಂಟಿಮೀಟರ್ ಸರಿಯತ್ತೆ. ಜಾಲರಿ ಮೇಲೆ ನೆರಳು ಕಾಣಲ್ಲ, ಅದಕ್ಕೆ ನಡುವೆ ಬಿಳಿ ಪೇಪರ್ ಅಂಟಿಸಿ ಪೆನ್ನಲ್ಲಿ ಚುಕ್ಕೆ ಇಟ್ಟೆ. ಹೊಳೆಯೋ ಗಟ್ಟಿ ಡಿಶ್ ಇರೋರು ಮಾತ್ರ ಹುಷಾರು, ಬಿಸಿಲೆಲ್ಲ ಎಲ್‌ಎನ್‌ಬಿ ಮೇಲೇ ಕೂಡಿ ಅದು ಕರಗಬಹುದು.

ಅವತ್ತು ಸೂರ್ಯ 105.5ರ ಜಾಗಕ್ಕೆ ಬಂದಿದ್ದು ಬೆಳಿಗ್ಗೆ ಹತ್ತೂಕಾಲರ ಸುಮಾರಿಗೆ. ನೆರಳು ಚುಕ್ಕೆಯಿಂದ ಎರಡು ಬೆರಳಗಲ ಆಚೆ ಇತ್ತು. ಕಂಬದ ಕ್ಲ್ಯಾಂಪ್ ಸಡಿಲ ಮಾಡಿ ಇಡೀ ಮೌಂಟನ್ನ ಕೂದಲೆಳೆಯಷ್ಟು ತಿರುಗಿಸ್ತಾ ಹೋದೆ, ನೆರಳು ಚುಕ್ಕೆ ಮೇಲೆ ಬಂದು ನಿಂತ್ಮೇಲೆ ಬಿಗಿ ಮಾಡ್ದೆ. ಹನ್ನೊಂದೂ ಹತ್ತು ದಾಟಿದ್ಮೇಲೆ 93.5, ಹನ್ನೆರಡು ದಾಟ್ತಿದ್ದ ಹಾಗೆ 83, ಎರಡು ಕಡೆಯೂ ಏನನ್ನೂ ಮುಟ್ಟಲಿಲ್ಲ, ಮೋಟಾರ್ ಮಾತ್ರ ತಿರುಗಿಸಿದ್ದು. ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಡಿಶ್ 66ರ ಮೇಲಿತ್ತು, ತಿಂಗಳಿಂದ ಕಾಣದಿದ್ದ ಚಾನೆಲ್ ಕೆಳಗೆ ಚೆನ್ನಾಗಿ ಓಡ್ತಿತ್ತು, ಇದ್ದಕ್ಕಿದ್ದ ಹಾಗೆ ಚಿತ್ರ ಚೂರು ಚೂರಾಗಿ ನಿಂತು ಹೋಯ್ತು. ಸೂರ್ಯ ಸ್ಯಾಟಲೈಟಿನ ಸರಿಯಾಗಿ ಹಿಂದೆ ಬಂದಾಗ ಅವನ ರೇಡಿಯೋ ಗದ್ದಲ ಅದರ ಸಿಗ್ನಲನ್ನ ಮುಳುಗಿಸಿಬಿಡತ್ತೆ, ಕೆಲವು ನಿಮಿಷ ಅಷ್ಟೇ. "ಅಪ್ಪಾ, ಹೋಯ್ತು" ಅಂತ ಮಗಳು ಕೂಗಿದ್ಲು. ನಾನು ಪೇಪರ್ ನೋಡ್ದೆ, ನೆರಳು ಚುಕ್ಕೆ ಮೇಲೇ ಇತ್ತು.